‘ಸರಿಹೋತು’ ಎಂದು ಹೇಳಿದ ಸಂಜೆ

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಒಂದು ಓಣಿಯಲ್ಲಿ ನನ್ನ ಭಾವನವರ ಡಿಟಿಪಿ ಅಂಗಡಿಯಿತ್ತು. 2013ರ ಮೇ ತಿಂಗಳ ಒಂದು ಸಂಜೆ ಆ ಅಂಗಡಿಯಲ್ಲಿ ಕುಳಿತು ನಾನು ಅವರಿಗೆ “ಸರಿಹೋತು” ಎಂದು ಹೇಳಿದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಅಂಗಡಿಯ ಸರ್ವರಿನ ಕೆಟ್ಟ ಡಿಸ್ಕಿನ ಮೇಲೆ ಮುಕ್ಕಾಲು ಗಂಟೆ ಓಡಿದ ದುರಸ್ತಿ ಮುಗಿದು, ಎರಡನೆಯ ಸಲ ಪರೀಕ್ಷೆ ನಡೆಸಿದಾಗ ಪರದೆಯ ಮೇಲೆ ‘ಕ್ಲೀನ್’ ಎಂಬ ಮಾತು ಮೂಡಿತ್ತು. ಅದನ್ನೇ ನಾನು ನಮ್ಮ ಊರಿನ ಮಾತಿಗೆ ತಂದು ಹೇಳಿದ್ದೆ. ಐದು ನಿಮಿಷ ಕಳೆದ ಮೇಲೆ ಭಾವನವರು ತಮ್ಮ ಮೇಜಿನ ಕಂಪ್ಯೂಟರಿನಿಂದ ಸರ್ವರಿನ ಫೋಲ್ಡರನ್ನು ತೆರೆದು, ಏನೂ ಮಾತನಾಡದೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಒಂಬತ್ತು ವರ್ಷಗಳ ಕೆಲಸ ಇರಬೇಕಾದ ಜಾಗದಲ್ಲಿ ಮೂರೇ ಮೂರು ಫೈಲುಗಳಿದ್ದವು.

ಅಂದಿನಿಂದ ‘ಕ್ಲೀನ್’ ಎಂಬ ಆ ಮಾತು ನನ್ನನ್ನು ಕಾಡುತ್ತಲೇ ಬಂದಿದೆ. ಪ್ರೋಗ್ರಾಮು ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ, ಆದರೂ ಭಾವನವರ ಪಾಲಿಗೆ ಅದು ಸುಳ್ಳೇ ಆಯಿತು. ಕರೆಂಟು ಹೋಗಿ ಕೆಟ್ಟ ಡಿಸ್ಕುಗಳನ್ನು ಆಮೇಲೆ ನಾನು ಹಲವು ಸಲ ಕೈಯಲ್ಲಿ ಹಿಡಿದಿದ್ದೇನೆ. ಪ್ರತಿ ಸಲವೂ ಮೊದಲು ನೆನಪಾಗುವುದು ನನ್ನ ಕಡೆಗೆ ತಿರುಗಿದ ಆ ಪರದೆ. ಡಿಸ್ಕನ್ನು ದುರಸ್ತಿ ಮಾಡುವುದು ಒಂದು ಕೆಲಸ, ಅದರಲ್ಲಿದ್ದುದನ್ನು ಮರಳಿ ಪಡೆಯುವುದು ಇನ್ನೊಂದು ಕೆಲಸ ಎಂಬುದು ನನಗೆ ಆ ದಿನ ಗೊತ್ತಿರಲಿಲ್ಲ. ಮೊದಲನೆಯ ಕೆಲಸ ಎರಡನೆಯದನ್ನು ಶಾಶ್ವತವಾಗಿ ಕೆಡಿಸಿಬಿಡಬಲ್ಲದು ಎಂಬುದಂತೂ ಕನಸಿನಲ್ಲೂ ಹೊಳೆದಿರಲಿಲ್ಲ.

ಐದಾರು ಸಲ ಬಂದು ಹೋದ ಕರೆಂಟು

ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಸ್ಮರಣ ಸಂಚಿಕೆ ಇವುಗಳ ಕೆಲಸ ನಡೆಯುತ್ತಿತ್ತು. ನಾಲ್ಕು ಕಂಪ್ಯೂಟರುಗಳಲ್ಲಿ ನಾಲ್ವರು ಕುಳಿತು ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದರು. ಎಲ್ಲರ ಫೈಲುಗಳೂ ಒಂದೇ ಕಡೆ ಇರಲಿ ಎಂದು ನಾನೇ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, 500 ಜಿಬಿ ಡಿಸ್ಕು ಕೂಡಿಸಿ, ಸರ್ವರ್ ಮಾಡಿಕೊಟ್ಟಿದ್ದೆ. ಅದಕ್ಕೊಂದು ಚಿಕ್ಕ ಯುಪಿಎಸ್ ಇತ್ತು. ಅದರೊಳಗಿನ 12 ವೋಲ್ಟಿನ, 7 ಆಂಪಿಯರ್ ಗಂಟೆಯ ಬ್ಯಾಟರಿಗೆ ನಾಲ್ಕು ವರ್ಷ ತುಂಬಿತ್ತು. ಈ ಬಗೆಯ ಸೀಲ್ ಮಾಡಿದ ಬ್ಯಾಟರಿ ನಮ್ಮ ಬಿಸಿಲಿನಲ್ಲಿ ಎರಡು ಮೂರು ವರ್ಷ ಬಾಳಿದರೆ ಹೆಚ್ಚು. ಹಸಿರು ದೀಪ ಉರಿಯುತ್ತಿದೆ ಎಂಬ ಒಂದೇ ನಂಬಿಕೆಯಲ್ಲಿ ನಾವು ಅದನ್ನು ನೋಡಿಯೇ ಇರಲಿಲ್ಲ.

ಮೇ ತಿಂಗಳ ಮಳೆ ದಾವಣಗೆರೆಯಲ್ಲಿ ಹೇಗೆ ಬರುತ್ತದೆಂಬುದು ಇಲ್ಲಿಯವರಿಗೆಲ್ಲ ಗೊತ್ತು. ಮೊದಲು ಗಾಳಿ, ಅದರ ಹಿಂದೆ ಧೂಳು, ಆಮೇಲೆ ಗುಡುಗು, ಮಳೆ ಬೀಳುವ ಹೊತ್ತಿಗೆ ಕರೆಂಟು ಇರುವುದಿಲ್ಲ. ಆ ಸಂಜೆ ಅದು ಒಂದೇ ಸಲ ಹೋಗಿ ಸುಮ್ಮನಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಹೋಯಿತು, ಬಂತು, ಮತ್ತೆ ಹೋಯಿತು. ಹತ್ತು ನಿಮಿಷದಲ್ಲಿ ಐದಾರು ಸಲ ಹೀಗಾಯಿತು. ಕರೆಂಟು ಬಂದೊಡನೆ ತಾನಾಗಿ ಚಾಲೂ ಆಗುವಂತೆ ಆ ಸರ್ವರನ್ನು ನಾನೇ ಹೊಂದಿಸಿದ್ದೆ. ಪ್ರತಿ ಸಲವೂ ಅದು ಎದ್ದು, ಹಿಂದಿನ ಸಲದ ಅರ್ಧಂಬರ್ಧ ಕೆಲಸವನ್ನು ಸರಿಪಡಿಸಲು ತೊಡಗಿ, ಆ ಸರಿಪಡಿಸುವಿಕೆಯ ನಡುವೆಯೇ ಮತ್ತೆ ಬಿದ್ದಿತು.

ಕೊನೆಗೆ ಕರೆಂಟು ಬಂದು ಸ್ಥಿರವಾಗಿ ನಿಂತಾಗ ಪರದೆಯ ಮೇಲೆ ಒಂದು ಸಾಲಿತ್ತು: ಅನಿರೀಕ್ಷಿತ ಅಸಂಗತತೆ ಕಂಡುಬಂದಿದೆ, ಡಿಸ್ಕನ್ನು ತಪಾಸಣೆ ಮಾಡಿ ದುರಸ್ತಿ ಮಾಡುವ ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಿರಿ ಎಂದು ಅದರ ಅರ್ಥ. ನಾನು ನಡೆಸಿದೆ. ಅದು ಪ್ರಶ್ನೆ ಕೇಳತೊಡಗಿತು. ಇಂಥ ಸಂಖ್ಯೆಯ ಐನೋಡು (ಫೈಲಿನ ವಿವರದ ಚೀಟಿ) ಕೆಟ್ಟಿದೆ, ಅಳಿಸಲೇ? ಇಂಥ ಫೋಲ್ಡರಿನ ನಮೂದು ಇಲ್ಲದ ಫೈಲನ್ನು ತೋರಿಸುತ್ತಿದೆ, ತೆಗೆಯಲೇ? ಮೊದಲ ಹತ್ತು ಪ್ರಶ್ನೆಗಳನ್ನು ಓದಿ ಉತ್ತರಿಸಿದೆ. ಆಮೇಲೆ ಓದದೆ ‘ವೈ’ ಕೀಲಿಯನ್ನು ಒತ್ತುತ್ತಾ ಹೋದೆ. ಸುಮಾರು ನಲವತ್ತನೆಯ ಪ್ರಶ್ನೆಗೆ ಬೇಸರ ಬಂದು, ಅದನ್ನು ನಿಲ್ಲಿಸಿ, ಎಲ್ಲಕ್ಕೂ ಹೌದು ಎಂದು ತಾನೇ ಉತ್ತರಿಸಿಕೊಳ್ಳುವ ‘ವೈ’ ಆಯ್ಕೆಯೊಂದಿಗೆ ಮತ್ತೆ ನಡೆಸಿದೆ. ಭಾವನವರು ಎರಡು ಸಲ ಬಾಗಿಲಲ್ಲಿ ಬಂದು ನಿಂತು, “ಏನಾತಪ್ಪಾ, ಸರಿಹೋತಾ?” ಎಂದು ಕೇಳಿ ಹೋದರು. ಮೂರನೆಯ ಸಲ ನಾನು “ಸರಿಹೋತು” ಎಂದೆ.

ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯ ಸ್ಮರಣ ಸಂಚಿಕೆ ನಾಲ್ಕು ದಿನಗಳಲ್ಲಿ ಅಚ್ಚಿಗೆ ಹೋಗಬೇಕಿತ್ತು. ಫೈಲುಗಳು ಪೂರ್ತಿ ನಾಶವಾಗಿರಲಿಲ್ಲ. ಲಾಸ್ಟ್+ಫೌಂಡ್ ಎಂಬ ಫೋಲ್ಡರಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಫೈಲುಗಳು ಬಿದ್ದಿದ್ದವು. ಒಂದಕ್ಕೂ ಹೆಸರಿರಲಿಲ್ಲ, ಬರೀ ಸಂಖ್ಯೆ. ಊರ ಹೆಸರಿನಿಂದ ಹುಡುಕೋಣವೆಂದು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗಲಿಲ್ಲ, ಏಕೆಂದರೆ ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡವು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ‘ಕ’ ಎಂಬ ಒಂದು ಅಕ್ಷರ ಅಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಓರೆಗೆರೆಯಿರುವ ‘ಎ’ ಎಂಬ ಎರಡು ಸಂಕೇತಗಳಾಗಿ ಕುಳಿತಿರುತ್ತದೆ. ಊರ ಹೆಸರನ್ನು ಆ ಸಂಕೇತಗಳಿಗೆ ಬಿಡಿಸಿ ಬರೆದುಕೊಂಡು ಹುಡುಕಿದಾಗ ರಾತ್ರಿ ಹನ್ನೊಂದರ ಸುಮಾರಿಗೆ ಆರು ಫೈಲುಗಳು ಸಿಕ್ಕವು. ಅವುಗಳಲ್ಲಿ ನಾಲ್ಕು ಅದೇ ಊರಿನ ಹಿಂದಿನ ವರ್ಷಗಳ ಕರಪತ್ರಗಳು. ಉಳಿದೆರಡು ಸಂಚಿಕೆಯ ಹಳೆಯ ಕರಡುಗಳು. ಕೊನೆಯ ತಿದ್ದುಪಡಿಯ ಫೈಲು ಸಿಗಲೇ ಇಲ್ಲ. ‘ಅಳಿಸಲೇ’ ಎಂದು ಕೇಳಿದಾಗ ನಾನು ಹೌದೆಂದ ನೂರಾರು ಫೈಲುಗಳಲ್ಲಿ ಅದೂ ಒಂದಾಗಿದ್ದಿರಬೇಕು ಎಂದು ನಾನು ಇಂದಿಗೂ ನಂಬಿದ್ದೇನೆ. ಪುಣ್ಯಕ್ಕೆ ಪ್ರೂಫ್ ನೋಡಿದ ಹಾಳೆಗಳು ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಉಳಿದಿದ್ದವು. ಮೂರು ರಾತ್ರಿ ಕುಳಿತು ಅವನ್ನು ನೋಡಿಕೊಂಡು ಮತ್ತೆ ಟೈಪ್ ಮಾಡಿ ಸಂಚಿಕೆಯನ್ನು ಅಚ್ಚಿಗೆ ಕಳಿಸಿದೆವು. ಉಳಿದ ಒಂಬತ್ತು ವರ್ಷದ ಲಗ್ನಪತ್ರಿಕೆಗಳನ್ನು ಯಾರೂ ಮತ್ತೆ ವಿಂಗಡಿಸಲಿಲ್ಲ.

ಕಿರ್ದಿ ಮತ್ತು ಖತಾವಣಿ

ಒಂದು ಫೈಲನ್ನು ‘ಸೇವ್’ ಮಾಡುವುದೆಂದರೆ ನಮಗೆ ಒಂದೇ ಕ್ರಿಯೆ. ಡಿಸ್ಕಿಗೆ ಅದು ನಾಲ್ಕೈದು ಕಡೆ ಬರೆಯುವ ಕೆಲಸ. ಫೈಲಿನ ಒಡಲನ್ನು ಒಂದು ಕಡೆ ಬರೆಯಬೇಕು. ಅದು ಎಲ್ಲೆಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಐನೋಡಿನಲ್ಲಿ ಬರೆಯಬೇಕು. ಆ ಜಾಗಗಳು ಇನ್ನು ಖಾಲಿಯಿಲ್ಲ ಎಂದು ಗುರುತು ಹಾಕಬೇಕು. ಹೆಸರನ್ನು ಫೋಲ್ಡರಿನಲ್ಲಿ ನಮೂದಿಸಬೇಕು. ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಹೆಸರು ಇರುವುದು ಫೋಲ್ಡರಿನಲ್ಲಿ, ಒಂದು ಐನೋಡಿನ ಸಂಖ್ಯೆಯ ಪಕ್ಕದಲ್ಲಿ. ಫೋಲ್ಡರಿನ ಆ ಹಾಳೆ ಹರಿದರೆ ಫೈಲು ಇದ್ದೂ ಅನಾಥವಾಗುತ್ತದೆ, ಕೈಯಲ್ಲಿ ಉಳಿಯುವುದು ಆ ಸಂಖ್ಯೆಯೊಂದೇ. ಲಾಸ್ಟ್+ಫೌಂಡ್‌ನಲ್ಲಿ ನಾನು ಕಂಡ ಸಂಖ್ಯೆಗಳು ಅವೇ.

ಈ ನಾಲ್ಕೈದು ಬರವಣಿಗೆಗಳ ನಡುವೆ ಕರೆಂಟು ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಡಿಸ್ಕಿನಲ್ಲಿ ಫೈಲುಗಳ ಈ ಲೆಕ್ಕವಿಡುವ ಏರ್ಪಾಡಿಗೆ ಫೈಲ್ ಸಿಸ್ಟಮ್ ಎನ್ನುತ್ತಾರೆ. 1993ರಲ್ಲಿ ಬಂದ, ಲಿನಕ್ಸಿನ ಫೈಲ್ ಸಿಸ್ಟಮ್ಮಾದ ಎಕ್ಸ್ಟ್2ರ ಕಾಲದಲ್ಲಿ ಇದಕ್ಕೆ ಇದ್ದ ಉಪಾಯ ಒಂದೇ: ಮತ್ತೆ ಚಾಲೂ ಮಾಡಿದಾಗ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತಪಾಸಣೆ ಮಾಡುವುದು. ಸ್ಟೀಫನ್ ಟ್ವೀಡಿ ಅವರು ರೂಪಿಸಿದ, 2001ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೆ ಸೇರಿದ ಎಕ್ಸ್ಟ್3ರಲ್ಲಿ ಜರ್ನಲ್ ಎಂಬ ಏರ್ಪಾಡು ಬಂತು. ಮಂಡಿಪೇಟೆಯಲ್ಲಿ ಬೆಳೆದ ನನಗೆ ಇದನ್ನು ವಿವರಿಸಲು ಹೊಸ ಮಾತು ಬೇಕಾಗಲಿಲ್ಲ. ದಲಾಲಿ ಮಂಡಿಯ ಗುಮಾಸ್ತರು ಮೊದಲು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಆಮೇಲೆ ಬಿಡುವಾಗಿ ಒಬ್ಬೊಬ್ಬರ ಖಾತೆಗೆ ಖತಾವಣಿ ಮಾಡುತ್ತಿದ್ದರು. ಖತಾವಣಿಯ ನಡುವೆ ದೀಪ ಆರಿದರೂ ಚಿಂತೆಯಿಲ್ಲ. ಕಿರ್ದಿ ನೋಡಿ ಮತ್ತೆ ಬರೆಯಬಹುದು. ಜರ್ನಲ್ ಮಾಡುವುದೂ ಅದನ್ನೇ. ಬದಲಾವಣೆಯನ್ನು ಮೊದಲು ಅಲ್ಲಿ ಬರೆದು, ‘ಇಲ್ಲಿಗೆ ಮುಗಿಯಿತು’ ಎಂಬ ಮುದ್ರೆ ಒತ್ತಿ, ಆಮೇಲೆ ಅದರ ಸ್ವಂತ ಜಾಗದಲ್ಲಿ ಬರೆಯುತ್ತದೆ. ಮುದ್ರೆ ಇಲ್ಲದ ನಮೂದನ್ನು ಬಿಟ್ಟುಬಿಡುತ್ತದೆ. ಇದರಿಂದ ಗಂಟೆಗಟ್ಟಲೆಯ ತಪಾಸಣೆ ಕೆಲವೇ ಸೆಕೆಂಡುಗಳಿಗೆ ಇಳಿಯಿತು.

ಆದರೆ ಸಾಮಾನ್ಯವಾಗಿ ಈ ಕಿರ್ದಿಗೆ ಹೋಗುವುದು ಲೆಕ್ಕವೇ ಹೊರತು ಸರಕಲ್ಲ. ಎಕ್ಸ್ಟ್4ರ ರೂಢಿಯ ವಿಧಾನದಲ್ಲಿ ಐನೋಡು, ಫೋಲ್ಡರು, ಖಾಲಿ ಜಾಗದ ಪಟ್ಟಿ ಇವುಗಳ ಬದಲಾವಣೆ ಜರ್ನಲ್ಲಿಗೆ ಹೋಗುತ್ತದೆ. ಫೈಲಿನ ಒಡಲು ನೇರವಾಗಿ ಅದರ ಜಾಗಕ್ಕೆ ಹೋಗುತ್ತದೆ. ಅಷ್ಟೇ ಅಲ್ಲ, ವೇಗಕ್ಕಾಗಿ ಅದು ಒಡಲನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಯೇ ಇಟ್ಟುಕೊಂಡಿರುತ್ತದೆ. 2009ರಲ್ಲಿ ಎಕ್ಸ್ಟ್4 ಹೊಸದಾಗಿ ಜನರ ಕೈಗೆ ಬಂದಾಗ, ಕಂಪ್ಯೂಟರು ಥಟ್ಟನೆ ನಿಂತರೆ ಫೈಲಿನ ಹೆಸರು ಉಳಿದು ಒಡಲು ಸೊನ್ನೆಯಾಗುತ್ತದೆ ಎಂಬ ದೂರು ಎದ್ದಿತು. ಅದರ ಮುಖ್ಯ ಕರ್ತೃಗಳಲ್ಲಿ ಒಬ್ಬರಾದ ಥಿಯೋಡೋರ್ ತ್ಸೋ, ಡಿಸ್ಕಿಗೆ ಬರೆದು ಮುಗಿಸು ಎಂದು ಪ್ರೋಗ್ರಾಮುಗಳೇ ಸ್ಪಷ್ಟವಾಗಿ ಕೇಳಬೇಕು ಎಂದು ವಾದಿಸಿದರು. ಜೊತೆಗೆ, ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಕೂಡಿಸುವ ಸಂದರ್ಭಗಳಲ್ಲಿ ಒಡಲು ಬೇಗ ಡಿಸ್ಕಿಗೆ ಹೋಗುವಂತೆ ತಿದ್ದುಪಡಿಯನ್ನೂ ಮಾಡಿದರು. ಅವರ ವಾದ ಶಾಸ್ತ್ರಕ್ಕೆ ಸರಿ, ತಿದ್ದುಪಡಿ ಮನುಷ್ಯರಿಗೆ ಸರಿ ಎಂದು ನನಗನ್ನಿಸುತ್ತದೆ.

ಇದೆಲ್ಲದರ ಕೆಳಗೆ ಡಿಸ್ಕಿಗೆ ತನ್ನದೇ ಆದ ಒಂದು ಚಿಕ್ಕ ನೆನಪಿರುತ್ತದೆ. ಬರೆಯಲು ಕೊಟ್ಟದ್ದನ್ನು ಅದು ಮೊದಲು ಅಲ್ಲಿ ಇಟ್ಟುಕೊಂಡು, ತನಗೆ ಅನುಕೂಲವಾದ ಕ್ರಮದಲ್ಲಿ ತಟ್ಟೆಯ ಮೇಲೆ ಬರೆಯುತ್ತದೆ. ಕರೆಂಟು ಹೋದರೆ ಆ ನೆನಪು ಹೋಯಿತು. ಕಿರ್ದಿಯ ಮುದ್ರೆ ಬಿದ್ದು, ಮುದ್ರೆಯ ಹಿಂದಿನ ಬರಹ ಬೀಳದೆ ಹೋದರೆ ಇಡೀ ಏರ್ಪಾಡಿಗೇ ಅರ್ಥವಿಲ್ಲ. ಹಾಗಾಗದಿರಲೆಂದು ಫೈಲ್ ಸಿಸ್ಟಮ್ಮು ನಡುನಡುವೆ ‘ಇದುವರೆಗಿನದನ್ನೆಲ್ಲ ಬರೆದು ಮುಗಿಸು’ ಎಂದು ಡಿಸ್ಕಿಗೆ ಆಜ್ಞೆ ಕೊಡುತ್ತದೆ. ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಅಗ್ಗದ ಅಡಾಪ್ಟರುಗಳಲ್ಲಿ ಕೆಲವು ಈ ಆಜ್ಞೆಯನ್ನು ಡಿಸ್ಕಿಗೆ ತಲುಪಿಸುವುದೇ ಇಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಸಹ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ಮಾತ್ರ ಉಸಿರು ಹಿಡಿದುಕೊಳ್ಳಬಲ್ಲದು. ನಮ್ಮ ಮನೆಯ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡು.

ಇನ್ನು ಎಫ್‌ಎಸ್‌ಸಿಕೆಯ ಮಾತು. ಅದು ಐದು ಹಂತಗಳಲ್ಲಿ ಡಿಸ್ಕನ್ನು ನೋಡುತ್ತದೆ: ಐನೋಡುಗಳು, ಫೋಲ್ಡರುಗಳ ಒಳಗು, ಫೋಲ್ಡರುಗಳ ನಡುವಿನ ಸಂಬಂಧ, ಎಣಿಕೆ, ಕೊನೆಗೆ ಖಾಲಿ ಜಾಗದ ಮೊತ್ತ. ಇವೆಲ್ಲ ಒಂದಕ್ಕೊಂದು ತಾಳೆಯಾದರೆ ಅದರ ಕೆಲಸ ಮುಗಿಯಿತು. ತಾಳೆಯಾಗದ ನಮೂದನ್ನು ಹೊಡೆದುಹಾಕುವುದೂ ತಾಳೆ ಮಾಡುವ ಒಂದು ದಾರಿಯೇ. ಕೆಟ್ಟ ಐನೋಡನ್ನು ಅಳಿಸಿದರೆ ಆ ಫೈಲಿನ ಒಡಲು ಎಲ್ಲಿತ್ತೆಂಬ ಸುಳಿವೂ ಅಳಿಯುತ್ತದೆ, ಆ ಜಾಗ ಖಾಲಿಯೆಂದು ಬರೆಯಲಾಗುತ್ತದೆ, ಲೆಕ್ಕ ಸರಿಯಾಗುತ್ತದೆ. ನಾಳೆಯಿಂದ ಈ ಡಿಸ್ಕಿನ ಮೇಲೆ ನಿರ್ಭಯವಾಗಿ ಬರೆಯಬಹುದು ಎಂಬುದಷ್ಟೇ ‘ಕ್ಲೀನ್’ ಎಂಬ ಮಾತಿನ ಅರ್ಥ. ನಿನ್ನೆಯವರೆಗೆ ಬರೆದದ್ದು ಉಳಿದಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವನು ನಾನು, ನಾನು ಕೇಳಿರಲಿಲ್ಲ.

“ಹೌದು ಅಂತ ಒತ್ತಲೇನಪ್ಪಾ?”

2022ರ ಜೂನಿನಲ್ಲಿ ಒಂದು ರಾತ್ರಿ ಚಿತ್ರದುರ್ಗದಿಂದ ನನ್ನ ಹೈಸ್ಕೂಲಿನ ಮೇಷ್ಟ್ರು ಫೋನ್ ಮಾಡಿದರು. ನಿವೃತ್ತಿಯ ನಂತರ ಅವರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಫೋಟೊ ತೆಗೆದು, ಅವುಗಳ ಅಳತೆ ಮತ್ತು ಓದನ್ನು ಬರೆದಿಡುವ ಕೆಲಸಕ್ಕೆ ತೊಡಗಿದ್ದರು. ಅವರ ಕಂಪ್ಯೂಟರಿಗೂ ನಾನೇ ಲಿನಕ್ಸ್ ಹಾಕಿಕೊಟ್ಟಿದ್ದೆ. “ಸಂಜೆ ಕರೆಂಟು ಹೋಗಿತ್ತು. ಈಗ ಕಂಪ್ಯೂಟರ್ ಏನೋ ಕೇಳ್ತಾ ಇದೆ. ಹೌದು ಅಂತ ಒತ್ತಲೇನಪ್ಪಾ?” ಎಂದರು. ನನಗೆ ಮಂಡಿಪೇಟೆಯ ಆ ಸಂಜೆ ಕಣ್ಣಮುಂದೆ ಬಂದು ನಿಂತಿತು. “ಏನೂ ಒತ್ತಬೇಡಿ ಸಾರ್. ಹಾಗೇ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದುಬಿಡಿ. ನಾನು ಬೆಳಿಗ್ಗೆ ಬರ್ತೀನಿ” ಎಂದೆ. ಅವರು ನಾನು ಹೇಳಿದಂತೆ ಮಾಡಿದರು, ಏಕೆ ಎಂದು ಕೇಳಲಿಲ್ಲ.

ಮರುದಿನ 60 ಕಿಲೋಮೀಟರು ಬಸ್ಸಿನಲ್ಲಿ ಹೋಗಿ, ಕೋಟೆಯ ಕೆಳಗಿನ ಅವರ ಮನೆಯ ಪಡಸಾಲೆಯಲ್ಲಿ ಡಿಸ್ಕನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಸೇರಿಸಿದೆ. ಸೇರಿಸುವ ಮೊದಲು, ಡಿಸ್ಕು ಕಂಡೊಡನೆ ತಾನೇ ತೆರೆಯುವ ಏರ್ಪಾಡನ್ನು ನಿಲ್ಲಿಸಿ, ಸೇರಿಸಿದೊಡನೆ ಅದನ್ನು ಓದಲು ಮಾತ್ರ ಎಂದು ಗೊತ್ತುಮಾಡಿದೆ. ಇಲ್ಲೊಂದು ಸೂಕ್ಷ್ಮವಿದೆ. ಎಕ್ಸ್ಟ್4 ಡಿಸ್ಕನ್ನು ‘ರೀಡ್ ಓನ್ಲಿ’ ಎಂದು ಮೌಂಟ್ ಮಾಡಿದರೂ (ತೆರೆದರೂ) ಅದು ಮೊದಲು ಜರ್ನಲ್ಲಿನಲ್ಲಿ ಬಾಕಿ ಇರುವುದನ್ನು ಡಿಸ್ಕಿಗೆ ಬರೆದುಬಿಡುತ್ತದೆ. ಅದನ್ನು ತಡೆಯಲು ‘ನೋಲೋಡ್’ ಎಂದು ಬೇರೆಯೇ ಹೇಳಬೇಕು, ಇಲ್ಲವೇ ಕರ್ನೆಲ್ಲಿನ ಮಟ್ಟದಲ್ಲಿಯೇ ಡಿಸ್ಕಿಗೆ ಬರೆಯುವುದನ್ನು ಮುಚ್ಚಬೇಕು. ಓದುವುದೆಂಬ ಹೆಸರಿನಲ್ಲಿ ಬರೆಯುವ ಈ ಒಂದು ನಡೆ ಎಷ್ಟು ಡಿಸ್ಕುಗಳನ್ನು ಇನ್ನಷ್ಟು ಕೆಡಿಸಿದೆಯೋ.

ಆಮೇಲೆ ಮಾಡಿದ್ದು ಒಂದೇ ಕೆಲಸ: ಪ್ರತಿ ತೆಗೆಯುವುದು. ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮು ಇದಕ್ಕೆಂದೇ ಇದೆ. ಅದಕ್ಕೆ ಫೈಲು, ಫೋಲ್ಡರು ಯಾವುದೂ ಗೊತ್ತಿಲ್ಲ. ಡಿಸ್ಕಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಎತ್ತಿಕೊಳ್ಳುತ್ತಾ ಹೋಗುತ್ತದೆ. ಓದಲಾಗದ ಜಾಗ ಬಂದರೆ ಅಲ್ಲೇ ಹಟ ಹಿಡಿದು ಕೂರುವುದಿಲ್ಲ, ಜಿಗಿದು ಮುಂದೆ ಹೋಗುತ್ತದೆ. ಸುಲಭವಾಗಿ ಸಿಗುವುದೆಲ್ಲ ಸಿಕ್ಕಿದ ಮೇಲೆ ಬಿಟ್ಟುಬಂದ ಜಾಗಗಳಿಗೆ ಮರಳಿ, ಅವುಗಳ ಅಂಚುಗಳನ್ನು ಎರಡೂ ಕಡೆಯಿಂದ ಸವರಿಕೊಂಡು, ಕೊನೆಗೆ ಒಂದೊಂದೇ ಸೆಕ್ಟರನ್ನು, ಎಂದರೆ ಡಿಸ್ಕಿನ ಅತಿ ಚಿಕ್ಕ ತುಣುಕನ್ನು, ಕೆರೆದು ತೆಗೆಯುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಸಾಯುತ್ತಿರುವ ಡಿಸ್ಕಿಗೆ ಎಷ್ಟು ಉಸಿರು ಉಳಿದಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಈ ಕ್ರಮ ನನಗೆ ಬಹಳ ವಿವೇಕದ್ದು ಎನಿಸುತ್ತದೆ.

ಮೇಷ್ಟ್ರ ಡಿಸ್ಕಿಗೆ ವಯಸ್ಸಾಗಿತ್ತು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕವನ್ನು ಡಿಸ್ಕು ತಾನೇ ಇಟ್ಟುಕೊಂಡಿರುತ್ತದೆ. ಅದನ್ನು ನೋಡಿದಾಗಲೇ ತಿಳಿಯಿತು, ಕರೆಂಟು ಹೋದದ್ದು ಒಂದು ನೆಪ, ಕಾಯಿಲೆ ಮೊದಲೇ ಇತ್ತು. 500 ಜಿಬಿ ಪ್ರತಿಯಾಗಲು ಐದು ಗಂಟೆ ಹಿಡಿಯಿತು, ಕೊನೆಯ ಚೂರುಗಳಿಗೆ ಇನ್ನೂ ಎರಡು ಗಂಟೆ. ಕೆಟ್ಟ ಜಾಗ ಬಂದಾಗಲೆಲ್ಲ ಡಿಸ್ಕಿನೊಳಗಿಂದ ಉಗುರಿನಿಂದ ತಗಡು ತಟ್ಟಿದಂಥ ಸದ್ದು ಬರುತ್ತಿತ್ತು. ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಕುಳಿತು ಪ್ರತಿ ಸದ್ದಿಗೂ ನನ್ನ ಮುಖ ನೋಡುತ್ತಿದ್ದರು. ಅವರ ಮನೆಯವರು ತಂದಿಟ್ಟ ಮಂಡಕ್ಕಿ ಮೆಣಸಿನಕಾಯಿ ಇಬ್ಬರ ನಡುವೆ ತಣ್ಣಗಾಯಿತು. ಕೊನೆಯಲ್ಲಿ ಓದಲಾಗದೆ ಉಳಿದದ್ದು ಮೂರು ಜಾಗಗಳಲ್ಲಿ ಒಟ್ಟು 84 ಕಿಲೋಬೈಟು. ಅಷ್ಟೇನಾ ಎಂದು ಅವರು ಹಗುರವಾದರು. ಎಲ್ಲಿಯ 84 ಎಂಬುದು ಗೊತ್ತಾಗುವವರೆಗೆ ನಾನು ಏನೂ ಹೇಳಲಿಲ್ಲ.

ಮೂರು ಬಂಡೆಗಳ ಒಂದು ಶಾಸನ

ಅವುಗಳಲ್ಲಿ 4 ಕಿಲೋಬೈಟು ಡಿಸ್ಕಿನ ವಿಭಾಗದ ಆರಂಭದಲ್ಲಿಯೇ ಇತ್ತು, ಸೂಪರ್‌ಬ್ಲಾಕ್ ಇರುವ ಜಾಗದಲ್ಲಿ. ಡಿಸ್ಕಿನ ಅಳತೆ, ಬ್ಲಾಕಿನ (ಡಿಸ್ಕನ್ನು ಹಂಚಿದ ತುಂಡಿನ) ಗಾತ್ರ, ಐನೋಡುಗಳ ಸಂಖ್ಯೆ ಎಲ್ಲವನ್ನೂ ಹೇಳುವ ಮೊದಲ ಪುಟ ಅದು. ಅದಿಲ್ಲದಿದ್ದರೆ ಉಳಿದ 500 ಜಿಬಿಗೂ ತಲೆಬುಡವಿಲ್ಲ. ಆದ್ದರಿಂದಲೇ ಫೈಲ್ ಸಿಸ್ಟಮ್ಮನ್ನು ಕಟ್ಟುವಾಗ ಅದರ ಪ್ರತಿಗಳನ್ನು ಡಿಸ್ಕಿನ ಉದ್ದಕ್ಕೂ ಅಲ್ಲಲ್ಲಿ ಇಟ್ಟಿರುತ್ತಾರೆ. 4096 ಬೈಟಿನ ಬ್ಲಾಕುಗಳಿದ್ದರೆ ಮೊದಲ ಪ್ರತಿ 32768ನೆಯ ಬ್ಲಾಕಿನಲ್ಲಿ, ಮುಂದಿನವು 98304, 163840, 229376, 294912 ಹೀಗೆ. ಇವು ಎಲ್ಲಿವೆಯೆಂದು ತಿಳಿಯಲು ಸಾಮಾನ್ಯವಾಗಿ ಬಳಸುವ ಆಜ್ಞೆ ನಿಜವಾಗಿ ಫಾರ್ಮ್ಯಾಟ್ ಮಾಡುವ ಆಜ್ಞೆಯೇ. ‘ಎನ್’ ಎಂಬ ಒಂದಕ್ಷರದ ಆಯ್ಕೆ ಸೇರಿಸಿದರೆ ಮಾತ್ರ ಅದು ಏನನ್ನೂ ಬರೆಯದೆ ಲೆಕ್ಕ ಹೇಳಿ ಸುಮ್ಮನಾಗುತ್ತದೆ. ಆ ಒಂದಕ್ಷರ ಮರೆತರೆ ಎಲ್ಲವೂ ಹೋಯಿತು. ನಾನು ಅದನ್ನು ಪ್ರತಿಯ ಮೇಲೆ, ಅಲ್ಲ, ಪ್ರತಿಯ ಇನ್ನೊಂದು ಪ್ರತಿಯ ಮೇಲೆ ನಡೆಸುತ್ತಿದ್ದೆ. ಆದರೂ ಎಂಟರ್ ಒತ್ತುವ ಮೊದಲು ಗಟ್ಟಿಯಾಗಿ ಎರಡು ಸಲ ಓದಿಕೊಂಡೆ.

“ಒಂದೇ ಪುಟವನ್ನ ಅಷ್ಟು ಕಡೆ ಇಟ್ಟಿರ್ತಾರಾ?” ಎಂದು ಮೇಷ್ಟ್ರು ಕೇಳಿದರು. ಹೌದೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮೊಳಕಾಲ್ಮೂರಲ್ಲೂ ಹಾಗೇ ಅಲ್ವೇನಪ್ಪಾ” ಎಂದರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಒಂದೇ ಶಾಸನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ, ಮೂರು ಬಂಡೆಗಳ ಮೇಲಿದೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಗುರುತಿಸಿದರು. ಜಟಿಂಗ ರಾಮೇಶ್ವರದ ಬಂಡೆ ತೀರಾ ಸವೆದಿದೆ. ಅಲ್ಲಿ ಏನಿದ್ದಿರಬೇಕೆಂದು ಓದಲು ಸಾಧ್ಯವಾಗುವುದು ಬ್ರಹ್ಮಗಿರಿಯ ಅಕ್ಷರಗುಂಡು ಅಷ್ಟು ಚೆನ್ನಾಗಿ ಉಳಿದಿರುವುದರಿಂದ. ಈ ಹೋಲಿಕೆ ನನಗೆ ಎಂದೂ ಹೊಳೆದಿರಲಿಲ್ಲ. ಮೇಷ್ಟ್ರು ಆ ಮಾತು ಹೇಳುವ ಹೊತ್ತಿಗೆ 32768ನೆಯ ಬ್ಲಾಕಿನ ಪ್ರತಿಯನ್ನು ಹಿಡಿದು ಎಫ್‌ಎಸ್‌ಸಿಕೆ ನಡೆಯತೊಡಗಿತ್ತು. ಈ ಸಲ ಅದು ಕೇಳಿದ ಪ್ರತಿ ಪ್ರಶ್ನೆಯನ್ನೂ ನಾವಿಬ್ಬರೂ ಓದಿದೆವು. ತಪ್ಪಾದರೆ ಆ ಪ್ರತಿಯನ್ನು ಬಿಸಾಡಿ ಇನ್ನೊಂದನ್ನು ತೆಗೆಯಬಹುದು ಎಂಬ ಧೈರ್ಯವೇ ಓದುವ ತಾಳ್ಮೆಯನ್ನೂ ಕೊಟ್ಟಿತೆಂದು ಕಾಣುತ್ತದೆ.

ಎರಡನೆಯ ಜಾಗದ 40 ಕಿಲೋಬೈಟು ಒಂದು ಫೋಲ್ಡರಿನ ಹಾಳೆಗಳು. ವೀರಗಲ್ಲುಗಳ ಆರುನೂರಕ್ಕೂ ಹೆಚ್ಚು ಫೋಟೊಗಳಿಗೆ ಮೇಷ್ಟ್ರು ಊರು, ಕಲ್ಲು ಇರುವ ಜಾಗ, ಎತ್ತರ ಎಲ್ಲವನ್ನೂ ಸೇರಿಸಿ ಉದ್ದನೆಯ ಕನ್ನಡ ಹೆಸರುಗಳನ್ನಿಟ್ಟಿದ್ದರು. ಫೋಟೊಗಳೆಲ್ಲ ಸಿಕ್ಕವು, ಹೆಸರು ಒಂದೂ ಸಿಗಲಿಲ್ಲ. ಮಂಡಿಪೇಟೆಯಲ್ಲಿ ನಾನು ಕಂಡ ಸಂಖ್ಯೆಗಳ ರಾಶಿಯೇ ಮತ್ತೆ ಪರದೆಯ ಮೇಲೆ ಬಂದಾಗ ನನಗೆ ಮಾತು ಹೊರಡಲಿಲ್ಲ. ಆಮೇಲೆ ಹೊಳೆಯಿತು: ಹೆಸರು ಫೋಲ್ಡರಿನಲ್ಲಿದ್ದರೂ, ಫೋಟೊ ತೆಗೆದ ದಿನ ಮತ್ತು ಗಳಿಗೆಯನ್ನು ಕ್ಯಾಮೆರಾ ಫೋಟೊದ ಒಡಲಿನಲ್ಲಿಯೇ ಬರೆದಿರುತ್ತದೆ. ಆರುನೂರನ್ನೂ ದಿನಾಂಕದ ಕ್ರಮಕ್ಕೆ ತಂದೆ. ಮೇಷ್ಟ್ರು ಎದ್ದು ಹೋಗಿ ಕಪಾಟಿನಿಂದ ಒಂಬತ್ತು ಪಾಕೆಟ್ ಡೈರಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಯಾವ ದಿನ ಯಾವ ಬಸ್ಸು, ಯಾವ ಊರು, ಯಾರ ಮನೆಯಲ್ಲಿ ಊಟ ಎಂಬುದೆಲ್ಲ ಅದರಲ್ಲಿತ್ತು.

ಆದರೆ ಮೊದಲ ಡೈರಿಯೇ ತಾಳೆಯಾಗಲಿಲ್ಲ. ಭಾನುವಾರ ಹೋದೆನೆಂದು ಡೈರಿ ಹೇಳುವ ಊರಿನ ಫೋಟೊ ಶನಿವಾರದ್ದೆಂದು ಕ್ಯಾಮೆರಾ ಹೇಳುತ್ತಿತ್ತು. ಮೇಷ್ಟ್ರಿಗೆ ತಮ್ಮ ಡೈರಿಯ ಮೇಲೆಯೇ ಅನುಮಾನ ಬಂತು. ಕೊನೆಗೆ ಒಂದು ಫೋಟೊದಲ್ಲಿ, ವೀರಗಲ್ಲಿನ ಹಿಂದೆ ದೂರದಲ್ಲಿ, ಶಾಲೆಯೊಂದರ ಸ್ವಾತಂತ್ರ್ಯ ದಿನದ ಧ್ವಜ ಹಾರುತ್ತಾ ಮಕ್ಕಳು ಸಾಲಾಗಿ ನಿಂತಿದ್ದುದು ಕಂಡಿತು. ಕ್ಯಾಮೆರಾ ಅದಕ್ಕೆ ಆಗಸ್ಟ್ 14 ಎಂದು ಬರೆದಿತ್ತು. ಕ್ಯಾಮೆರಾದ ಗಡಿಯಾರ ಒಂದು ದಿನ ಹಿಂದಿತ್ತು, ಡೈರಿ ಸರಿಯಾಗಿತ್ತು. ಒಂದು ದಿನ ಮುಂದಕ್ಕೆ ಸರಿಸಿದೊಡನೆ ಊರುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕುಳಿತವು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡರು.

ಮೂರನೆಯ ಜಾಗ ನಮಗೆ ತಿಳಿದದ್ದು ವಾರದ ಮೇಲೆ. ಆ ಡಿಸ್ಕಿನಲ್ಲಿ ಅವರ ತಾಯಿ ಹಾಡಿದ ಬೀಸುವ ಪದಗಳ ಧ್ವನಿಮುದ್ರಣವಿತ್ತು, ಹಾಡಿದವರು ಈಗಿಲ್ಲ. ಹೆಸರು, ಅಳತೆ ಎಲ್ಲ ಸರಿಯಿದ್ದ ಆ ಫೈಲನ್ನು ಎಫ್‌ಎಸ್‌ಸಿಕೆ ಒಂದು ಮಾತೂ ಹೇಳದೆ ದಾಟಿ ಹೋಗಿತ್ತು, ಏಕೆಂದರೆ ಒಡಲಿನಲ್ಲಿ ಏನಿದೆಯೆಂದು ಅದು ನೋಡುವುದಿಲ್ಲ. ಕೆಟ್ಟ ಸೆಕ್ಟರುಗಳ ಪಟ್ಟಿಯನ್ನು ಮ್ಯಾಪ್ ಫೈಲಿನಿಂದ ತೆಗೆದು, ಅವು ಯಾವ ಫೈಲಿಗೆ ಸೇರಿದವೆಂದು ಒಂದೊಂದಾಗಿ ಹುಡುಕಿದಾಗ ಮಾತ್ರ ಇದು ಹೊರಬಿತ್ತು. 40 ಕಿಲೋಬೈಟೆಂದರೆ ಆ ಮುದ್ರಣದಲ್ಲಿ ಅರ್ಧ ಸೆಕೆಂಡಿಗೂ ಕಡಿಮೆ. ಮೂರನೆಯ ಪದದ ನಾಲ್ಕನೆಯ ಸಾಲಿನಲ್ಲಿ ದನಿ ಥಟ್ಟನೆ ನಿಂತು, ಮತ್ತೆ ನಡುವಿನಿಂದ ಶುರುವಾಗುತ್ತದೆ. ಆ ಜಾಗದಲ್ಲಿರುವುದು ಬರೀ ಸೊನ್ನೆಗಳು.

ಬೇರೆ ಸಾಲಿನಿಂದ ಅದೇ ಉಚ್ಚಾರವನ್ನು ಕತ್ತರಿಸಿ ತಂದು ಕೂಡಿಸಬಹುದು, ಕೇಳುವವರಿಗೆ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದೆ. ಮೇಷ್ಟ್ರು ಒಪ್ಪಲಿಲ್ಲ. ಪದವನ್ನು ಎರಡು ಸಲ ಕೇಳಿ, ಡೈರಿಯ ಕೊನೆಯ ಪುಟದಲ್ಲಿ ಆ ಸಾಲನ್ನು ಪೂರ್ತಿಯಾಗಿ ಬರೆದುಕೊಂಡರು. ಸವೆದ ಕಲ್ಲಿನ ಅಕ್ಷರವನ್ನು ಊಹಿಸಿ ತುಂಬಿದಾಗ ಶಾಸನ ಓದುವವರು ಹಾಕುವ ಚೌಕ ಕಂಸವನ್ನು, ದನಿಯಿಲ್ಲದ ಆ ಎರಡು ಅಕ್ಷರಗಳ ಆಚೆ ಈಚೆ ಹಾಕಿದರು. ಆ ಡಿಸ್ಕು, ಅದರ ಮೊದಲ ಪ್ರತಿ ಮತ್ತು ಮ್ಯಾಪ್ ಫೈಲು ನನ್ನ ಹತ್ತಿರವೇ ಇವೆ. ಮರುವರ್ಷ ಚಳಿಗಾಲದಲ್ಲಿ ಒಂದು ಸಲ ಆ 40 ಕಿಲೋಬೈಟನ್ನು ಮತ್ತೆ ಓದಿಸಿ ನೋಡಿದೆ. ಹತ್ತು ಸಲ ತಟ್ಟಿ, ಡಿಸ್ಕು ಸುಮ್ಮನಾಯಿತು.